ದಾಳಿಂಬೆ ಕೆಂಪಿನ ಡ್ರೈಯರ್

"ತಡೀರಿ ಮಾಮಾ!"

ಅಂದಾನಪ್ಪ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಅವನ ಅಕ್ಕನ ಮಗಳು ಮಹೇಶ್ವರಿ ಇಳಕಲ್ಲಿನ ಈ ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಬಂದವಳು. ಕಸ ಹೊಡೆಯುವುದರಾಚೆ ಅವನು ಏನೂ ಕಲಿಸಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಏನ್ ತಡಿಯೋದವ್ವ? ಮೋಟರ್ ಬದಲಿ ಮಾಡಿದ್ರೂ ಡ್ರೈಯರ್ ತಿರುಗವಲ್ದು. ಅಚ್ಚಿಗೆ ಜಂಗ್ ಹಿಡದೈತಿ. ಇಂಥಾ ಹಳೀ ವಾಷಿಂಗ್ ಮಿಷನ್ ಒಡದು ಗುಜರಿಗೆ ಹಾಕೋದ ಛಲೋ."

"ಆದ್ರ ಒಳಗ ಯಾಕ ಕೆಂಪೈತಿ?"

ಡ್ರೈಯರಿನ ಬಿಳಿ ಒಳಮೈಗೆ ದಾಳಿಂಬೆ ಕೆಂಪು ಹತ್ತಿತ್ತು. ಆ ಕೆಂಪನ್ನು ಅವಳು ಮನೆಯ ಮಗ್ಗದ ಮೇಲೆ ದಿನಾ ಕಂಡವಳು. ಯಾರೋ ನೇಕಾರರು ಇದರಲ್ಲಿ ಬಟ್ಟೆಯನ್ನಲ್ಲ, ಬಣ್ಣ ಹಾಕಿದ ನೂಲಿನ ಲಡಿಗಳನ್ನು ಹಿಂಡಿದ್ದಾರೆ! ಹಾಗಾದರೆ ಜಾರಿದ ಎಳೆಗಳು ಎಲ್ಲಿಗೆ ಹೋದವು? ಮಾವನ ಕೈ ಹಿಡಿಸದ ಸಂದಿಯಲ್ಲಿ ಬೆರಳು ಇಳಿಸಿ, ಡ್ರೈಯರ್ ತಿರುಗುವ ಅಚ್ಚಿನ ಸುತ್ತ ತಡವಿದಳು. ಉಗುರಿಗೆ ಒಂದು ತುದಿ ಸಿಕ್ಕಿತು.

"ಜಗ್ಗಬ್ಯಾಡ, ಹರೀತೈತಿ," ಎಂದು ಅಂದಾನಪ್ಪನೂ ಬಗ್ಗಿದ.

"ನೂಲು ಬಿಡಸೋದು ನನಗ ಬಿಡ್ರಿ."

ಬಿಡಿಸಿದಷ್ಟೂ ಅವಳ ಕಾಲ ಬಳಿ ಕೆಂಪು ನೂಲಿನ ಗುಪ್ಪೆ ಬೆಳೆಯಿತು. ಕೊನೆಯ ಎಳೆ ಕಳಚಿದ ಮೇಲೆ ಅಂಗೈಯಿಂದ ಮೆಲ್ಲಗೆ ನೂಕಿದಳು. ಡ್ರೈಯರ್ ಬುಗುರಿಯಂತೆ ತಿರುಗಿತು.

ಅಂದಾನಪ್ಪ ಸುತ್ತಿಗೆ ಕೆಳಗಿಟ್ಟು, ಯಾರಿಗೂ ಮುಟ್ಟಗೊಡದ, ನಟ್ಟು ಬಿಗಿಯುವ ತನ್ನ ಪಾನಾ ತೆಗೆದು ಅವಳ ಕೈಗಿಟ್ಟ.

"ಇನ್ನ ನೀನ ಜೋಡಸು. ನಾ ಕುಂತು ನೋಡ್ತೇನಿ."