ಎರಡನೇ ಸೀಸೆಯ ಜಾಗ

ಹೊಗೆ ಕವಿದ ಕೇರಿಯಲ್ಲಿ ಅವತ್ತಿನ ಉಸಿರಿಗೆ ಬೇಕಾದ ಗಾಳಿಯನ್ನು ಪ್ರತಿ ಮನೆಯವರೂ ಪುಟ್ಟ ರಾಕೆಟ್ ಹಾರಿಸಿ ಮೇಲಿಂದ ತರಿಸಿಕೊಳ್ಳಬೇಕು. ಧರಣೇಂದ್ರನ ಬೆರಳುಗಳಲ್ಲಿ ಈಗ ಕಸುವಿಲ್ಲ. ರಾಕೆಟ್ಟನ್ನು ಕೆಳಗಿಳಿಸುವ ಪ್ಯಾರಾಚೂಟಿನ ಹಗ್ಗವನ್ನು ಹೆಂಡತಿ ಪದ್ಮಲತಾ ಬಾವಿಹಗ್ಗದಂತೆ ಮೊಣಕೈಗೆ ಸುತ್ತತೊಡಗಿದಳು.

"ಸುತ್ತಿದ್ರೆ ಸಿಕ್ಕಾಗುತ್ತೆ ಕಣೇ. ಸೀರೆ ನೆರಿಗೆ ಥರ ಮಡಚು," ಎಂದು ಅವನು ಏದುಸಿರಿನಲ್ಲೇ ಗದರಿದ.

ಮಡಚಿದಳು. ಆದರೂ ಹಗ್ಗದ ಕಟ್ಟು ದಪ್ಪವಾಗಿ, ರಾಕೆಟ್ಟಿನ ಕೊಳವೆಯಲ್ಲಿ ಒಬ್ಬರ ಗಾಳಿ ತುಂಬುವ ಒಂದೇ ಸೀಸೆಗೆ ಜಾಗ ಉಳಿಯಿತು. ಅವನು ಮಡಚಿದಾಗ ಎರಡು ಹಿಡಿಸುತ್ತಿದ್ದವು.

"ನಿನ್ನದೊಂದು ಸಾಕು ಬಿಡು," ಎಂದು ತನ್ನ ಸೀಸೆಯನ್ನು ಮಂಚದ ಕೆಳಗೆ ತಳ್ಳಿದ.

ಪದ್ಮಲತಾ ಅದನ್ನು ಎತ್ತಿಟ್ಟು, ಹಗ್ಗವನ್ನು ಪೂರ್ತಿ ಹೊರಗೆಳೆದಳು. "ತಪ್ಪಿದಲ್ಲೆಲ್ಲ ಬೈತಾ ಇರಿ."

ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕೊನೆಗೂ ಎರಡೂ ಸೀಸೆ ಹಿಡಿಸಿದವು. ಅವನ ಬೈಗುಳವೂ ಏದುಸಿರೂ ನಿಂತು ಆಗಲೇ ಬಹಳ ಹೊತ್ತಾಗಿತ್ತು.