ಕ್ಯಾಮೆರಾದ ಕಿವಿಯಲ್ಲಿ

"ನಿಮ್ಮಮ್ಮ ಹೇಳಿದ್ದು ಒಂದಕ್ಷರಾನೂ ಇಲ್ಲ ಇಲ್ಲಿ," ಎಂದ ಸಂಕಲನಕಾರ. "ಬಂದಿರೋದು ಬರೀ ಕುರ್ಚಿ ಎಳೆಯೋದು, ಕೆಮ್ಮೋದು, ದೀಪ ಸರಿಸೋದು."

ನಿರ್ದೇಶಕಿ ಪರದೆಯತ್ತ ಬಾಗಿದಳು. ದೇಶದೇಶದ ಬಸ್ ನಿಲ್ದಾಣಗಳಲ್ಲಿ ನಿಂತು, ಹೊರಟವರಿಗೆ ಕೈಬೀಸುವ ಜನರನ್ನೆಲ್ಲ ಚಿತ್ರೀಕರಿಸಿ ತಂದಿದ್ದಳು. ಅವಳ ಮೊದಲ ಚಿತ್ರ. ಕೊನೆಯಲ್ಲಿ ಅವಳ ಅಮ್ಮ ಮಾತಾಡಬೇಕು, ಸಂಜೆಯೊಳಗೆ ಅದು ಚಿತ್ರೋತ್ಸವಕ್ಕೆ ಹೋಗಬೇಕು. ಆಗಿದ್ದಿಷ್ಟೇ: ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸುವಾಗಲೇ ಕೈತಾಗಿ ಗುಂಡಿ ಒತ್ತಿಹೋಗಿತ್ತು. ಆಮೇಲೆ ಶುರು ಎಂದು ಒತ್ತಿದಾಗಲೆಲ್ಲ ಅದು ನಿಂತಿದೆ, ಸಾಕು ಎಂದು ಒತ್ತಿದಾಗಲೆಲ್ಲ ಓಡಿದೆ. ಸಮುದ್ರ ಈಜಿ ಬಂದವಳು ಮನೆಯ ಬಚ್ಚಲಲ್ಲಿ ಮುಳುಗಿದ ಹಾಗಾಯಿತು.

"ಕ್ಯಾಮೆರಾ ಓಡುವಾಗ ಉರಿಯೋ ಕೆಂಪು ದೀಪ ನೋಡ್ಲಿಲ್ವಾ?"

"ಅಮ್ಮನ್ನ ನೋಡ್ತಿದ್ದೆ ಮಾರಾಯಾ!"

ಹಿಂದಿನ ಸೋಫಾದಲ್ಲಿ ಅಮ್ಮ. ತನ್ನ ಭಾಷಣವನ್ನು ದೊಡ್ಡ ಪರದೆಯಲ್ಲಿ ನೋಡಲೆಂದೇ ಬಂದಿದ್ದಳು. "ಬಾಯಿಪಾಠ ಮಾಡಿದ್ದೆ ಕಣೇ. ಒಂದು ತಪ್ಪಿಲ್ದೆ ಹೇಳಿದ್ದೆ!"

"ತಡೀರಿ, ತಡೀರಿ!" ಸಂಕಲನಕಾರ ಕೂಗಿದ. ಪರದೆಯ ಮೇಲೆ ಮಗಳು ಇನ್ನೊಂದು ದೀಪ ತರಲು ಹೊರಗೆ ಹೋದಳು. ಕೋಣೆಯಲ್ಲಿ ಉಳಿದ ಅಮ್ಮ ಬಾಗಿಲ ಕಡೆ ನೋಡಿದಳು. ಕುರ್ಚಿ ಎಳೆದುಕೊಂಡು ಮುಖ ಪರದೆ ತುಂಬುವಷ್ಟು ಹತ್ತಿರ ಬಂದು, ಕ್ಯಾಮೆರಾಕ್ಕೆ ಪಿಸುಗುಟ್ಟಿದಳು.

"ಏಯ್, ನೀನೇ ಅಲ್ವೇನೋ ಇವಳನ್ನ ಊರೂರು ಅಲೆಸೋನು? ನಿನಗೆ ಕರೆಂಟು ತುಂಬಿಸದೆ ಇವಳು ಮಲಗಲ್ಲ, ಇವಳ ಹೊಟ್ಟೆ ತುಂಬ್ತಾ ಅಂತ ಕೇಳೋರಿಲ್ಲ. ನಾನಂತೂ ಜೊತೇಲಿ ಬರಕ್ಕಾಗಲ್ಲ. ನೀನಾದ್ರೂ ಕೈಬಿಡಬೇಡಪ್ಪ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ."

"ಸಿಕ್ತು! ಚಿತ್ರದ ಕೊನೆ ಸಿಕ್ತು!" ಸಂಕಲನಕಾರ ಕುರ್ಚಿ ಸಮೇತ ಒಂದು ಸುತ್ತು ತಿರುಗಿದ. ನಿರ್ದೇಶಕಿ ಕುಣಿದಾಡಿಬಿಟ್ಟಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ತಟ್ಟನೆ ಹಿಂದೆ ತಿರುಗಿದಳು. "ಅಮ್ಮಾ... ಹಾಕ್ಲಾ? ನೀನು ಬೇಡ ಅಂದ್ರೆ ಹಾಕಲ್ಲ."

ಅಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎದ್ದು ಬಂದು, ಮೇಜಿನ ಮೇಲಿದ್ದ ಕ್ಯಾಮೆರಾದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಥೂ, ಚಾಡಿಕೋರ! ನಿನ್ನ ನಂಬಿ ಹೇಳಿದ್ನಲ್ಲೋ!" ಆಮೇಲೆ ಮಗಳತ್ತ ನೋಡದೆಯೇ, "ಹಾಕ್ಕೋ. ಇವನ ಹೊಟ್ಟೇಲಿ ಮಾತು ನಿಲ್ಲಲ್ಲ," ಎಂದಳು.

ಕ್ಯಾಮೆರಾದ ಕಣ್ಣಿನ ಗಾಜನ್ನು ಯಾರಿಗೂ ಮುಟ್ಟಗೊಡದ ಮಗಳು, ಅಮ್ಮ ಅದನ್ನು ತೋಳಿನ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸುವುದನ್ನು ಸುಮ್ಮನೆ ನೋಡುತ್ತ ನಿಂತಳು.