ಕೆಂಪಾದ ಸಾಲು

ದಾಕ್ಷಾಯಿಣಿ ಫ್ಲಾಸ್ಕಿಗೆ ಗಂಜಿ ತುಂಬಿಕೊಂಡು ಹೊರಟಾಗ ಬಾಗಿಲು ತೆರೆಯಲಿಲ್ಲ. ಅದರ ಮೇಲೆ ಮೂಡುವ ಕೆಲಸಗಳ ಪಟ್ಟಿಯಲ್ಲಿ ಒಂದು ಸಾಲು ಹಳದಿಯಿಂದ ಕೆಂಪಿಗೆ ತಿರುಗಿತ್ತು: ‘ತಂಗಿಯೊಂದಿಗೆ ರಾಜಿ.’ ಯುಗಾದಿಯಂದು ಅವಳೇ ಹುರುಪಿನಲ್ಲಿ ಬರೆದು ಗಡುವು ಹಾಕಿದ್ದಳು. ಗಡುವು ಮೀರಿದ ಕೆಲಸ ಮುಗಿಯುವವರೆಗೆ ಊರಿನ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಆಸ್ಪತ್ರೆಯಲ್ಲಿ ಮಗಳು ವಿದ್ಯಾಳಿಗೆ ಹೆರಿಗೆ ನೋವು ಶುರುವಾಗಿತ್ತು.

ಅವಳು ತಂಗಿಗೆ ಫೋನ್ ಮಾಡಿದಳು.

“ಶಾಂಭವಿ, ನಿನ್ನ ಮಗನ ಮದಿವ್ಯಾಗ ಊಟಾ ಬಿಟ್ಟು ಎದ್ದು ಬಂದದ್ದು ನನ್ನ ತಪ್ಪವಾ. ಮನಸಿನ್ಯಾಗ ಇಟ್ಕೋಬ್ಯಾಡ.”

“ಇಷ್ಟು ವರ್ಷ ಇಲ್ಲದ್ದು ಇವತ್ತ ಯಾಕ ನೆನಪಾತಕ್ಕಾ? ಸಾಲು ಕೆಂಪಾಗೇತೇನು?”

ದಾಕ್ಷಾಯಿಣಿಗೆ ಸುಳ್ಳು ಹೇಳಲಾಗಲಿಲ್ಲ. “ಹೂಂ. ವಿದ್ಯಾಗ ಬ್ಯಾನಿ ಎದ್ದಾವು. ನಾ ಹೋಗಬೇಕು.”

“ಅಕೀ ಕಡೆ ನಾ ಹೋಗ್ತೀನಿ. ಆದ್ರ ನಿನ್ನ ಬಾಗಲಾ ತೆರೀಲಿ ಅಂತ ನಾ ರಾಜಿ ಆಗಂಗಿಲ್ಲ.”

ಮಧ್ಯಾಹ್ನ ಶಾಂಭವಿಯದೇ ಫೋನ್ ಬಂತು. ಹಿಂದೆ ಎಳೆಗೂಸಿನ ಅಳು ಕೇಳುತ್ತಿತ್ತು.

“ಹೆಣ್ಣು ಹುಟ್ಟೇತಿ. ಇಬ್ಬರೂ ಆರಾಮ ಅದಾರ. ಕೂಸು ನನ್ನ ತೊಡಿ ಮ್ಯಾಲೇ ಐತಿ.”

ದಾಕ್ಷಾಯಿಣಿ ಅಳುತ್ತ ಓಡಿಹೋಗಿ ಬಾಗಿಲ ಹಿಡಿಕೆ ಎಳೆದಳು. ಅದು ಅಲ್ಲಾಡಲಿಲ್ಲ. ಸಾಲು ಇನ್ನೂ ಕೆಂಪಗೇ ಇತ್ತು.